‘ನಿಮಗೇ ಬಿಟ್ಟಿದ್ದು’ ಎಂದು ಕೂರುವ ಊಟ

ಮಕ್ಕಳು ಓದಿ ದೊಡ್ಡವರಾಗಿ ಬೆಂಗಳೂರು, ಪುಣೆ, ಸಿಂಗಪುರ, ಟೋಕಿಯೋ ಎಂದು ದೂರದ ಊರುಗಳನ್ನು ಸೇರಿದ ಮೇಲೆ ಅವರು ತಂದೆತಾಯಿಗೆ ಕೊಡುವ ಉಡುಗೊರೆಗಳೂ ಬದಲಾಗಿವೆ. ಹಿಂದೆ ಮದುವೆಯ ಬೆಳ್ಳಿಹಬ್ಬಕ್ಕೆ ಒಂದು ರೇಷ್ಮೆ ಸೀರೆ, ಅಪ್ಪನಿಗೆ ಒಂದು ಕೈಗಡಿಯಾರ ಬರುತ್ತಿತ್ತು. ಈಗ ಒಂದು ಊಟವೇ ಉಡುಗೊರೆಯಾಗಿ ಬರುವುದುಂಟು. ಅದೂ ಎಂಥ ಊಟ! ತಿಂಗಳುಗಟ್ಟಲೆ ಮೊದಲೇ ಜಾಗ ಕಾದಿರಿಸಬೇಕು. ಹತ್ತೇ ಜನ ಕೂರುವ ಕೋಣೆ. ಏನು ಬಡಿಸುತ್ತಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಇದಕ್ಕೆ ಜಪಾನೀಯರು ‘ಒಮಕಾಸೆ’ ಎನ್ನುತ್ತಾರೆ.

ದಾಂಡೇಲಿಯ ಹತ್ತಿರದ ಮೌಳಂಗಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಕಾಳಿ ಹೊಳೆಯ ದಂಡೆಯ ಊರು. ಯಜಮಾನರು ಕಾಗದದ ಕಾರಖಾನೆಯಿಂದ ನಿವೃತ್ತರು. ಮೀನು ಎಂದರೆ ಪ್ರಾಣ. ಮನೆಯಾಕೆ ಸೋಮವಾರ, ಗುರುವಾರ ಎನ್ನದೆ ಎಂದೂ ಮೀನು ಮುಟ್ಟದವರು. ಮಾಡಿ ಬಡಿಸುವುದುಂಟು, ತಿನ್ನುವುದಿಲ್ಲ. ಟೋಕಿಯೋದಲ್ಲಿರುವ ಮಗ ಫೋನು ಮಾಡುತ್ತಾನೆ: “ಆಯೀ, ನಿಮ್ಮ ಲಗ್ನ ಆಗಿ ಮೂವತ್ತು ವರ್ಷ ಆತು. ಈ ಸಲ ಇಬ್ಬರೂ ಇಲ್ಲಿಗೇ ಬರ್ರಿ. ಒಮಕಾಸೆ ಊಟಕ್ಕ ಕರ್ಕೊಂಡು ಹೋಗ್ತೀನಿ. ನೀ ಸುಮ್ಮನ ಕುಂತು ಉಣ್ಣೂದು, ಅಷ್ಟ!”

ಆಯಿಗೆ ಸಂತೋಷಕ್ಕಿಂತ ಮೊದಲು ಚಿಂತೆ ಹತ್ತುತ್ತದೆ. ಅದು ಹಸಿ ಮೀನಿನ ಊಟವಂತೆ, ಹೌದೆ? ಮೀನು ತಿನ್ನದ ನಾನು ಅಲ್ಲಿ ಹೋಗಿ ಏನು ಮಾಡಲಿ? ಹೊಟ್ಟೆ ಕೆಟ್ಟರೆ ಪರದೇಶದಲ್ಲಿ ಯಾರು ನೋಡಿಕೊಳ್ಳುವವರು? ಮಗ ಬೆವರು ಸುರಿಸಿ ಗಳಿಸಿದ ದುಡ್ಡು ಎಷ್ಟು ಹೋಗುತ್ತದೋ? ಇಂಥ ಪ್ರಶ್ನೆಗಳು ಇಂದು ಎಷ್ಟೋ ಮನೆಗಳಲ್ಲಿ ಏಳುತ್ತಿವೆ. ಜಪಾನಿಗೇ ಹೋಗಬೇಕೆಂದಿಲ್ಲ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಬಿಡದಿಯಲ್ಲಿ ಕಾರಖಾನೆ ಹಾಕಿದ ಮೇಲೆ ಬೆಂಗಳೂರಿಗೆ ಜಪಾನಿ ಕುಟುಂಬಗಳು ಬಂದವು. ಜಪಾನಿ ಊಟದ ಮನೆಗಳೂ ಬೆಂಗಳೂರಿಗೆ ಹೊಸದಲ್ಲ. ಆದ್ದರಿಂದ ತಿಳಿದುಕೊಂಡಿರುವುದು ಒಳ್ಳೆಯದು.

ಏನಿದು ಒಮಕಾಸೆ?

ಜಪಾನಿ ಭಾಷೆಯಲ್ಲಿ ‘ಮಕಾಸೆರು’ ಎಂದರೆ ಒಪ್ಪಿಸುವುದು, ಇನ್ನೊಬ್ಬರಿಗೆ ವಹಿಸಿಬಿಡುವುದು. ‘ಒಮಕಾಸೆ’ ಎಂದರೆ “ನಿಮಗೇ ಬಿಟ್ಟಿದ್ದು” ಎಂದಂತೆ. ಇಲ್ಲಿ ತಿಂಡಿಗಳ ಪಟ್ಟಿ ನೋಡಿ ಆರಿಸುವ ಪದ್ಧತಿಯಿಲ್ಲ. ಉದ್ದನೆಯ ಮರದ ಕಟ್ಟೆಯ ಆಚೆ ಅಡಿಗೆಯವರು ನಿಂತಿರುತ್ತಾರೆ, ಈಚೆ ನಾವು ಕೂತಿರುತ್ತೇವೆ. ಆ ದಿನ ಬೆಳಿಗ್ಗೆ ಪೇಟೆಯಲ್ಲಿ ಯಾವುದು ಚೆನ್ನಾಗಿ ಸಿಕ್ಕಿತೋ ಅದನ್ನು ಅವರೇ ಆರಿಸಿ, ನಮ್ಮ ಕಣ್ಣೆದುರೇ ಒಂದೊಂದಾಗಿ ಮಾಡಿ ಇಡುತ್ತಾರೆ. ಇಟ್ಟ ತಕ್ಷಣ ತಿನ್ನಬೇಕು. ತಿಂದ ಮೇಲೆ ಇನ್ನೊಂದು.

ಇದನ್ನು ಕೇಳಿದರೆ ನಿಮಗೆ ಏನು ನೆನಪಾಗುತ್ತದೆ? ನಮ್ಮ ಅಡಿಗೆಮನೆಯಲ್ಲಿ ಕಾವಲಿಯ ಮುಂದೆ ನಿಂತು ದೋಸೆ ಎರೆಯುವುದೇ ಅಲ್ಲವೆ? ಮಕ್ಕಳು ಸಾಲಾಗಿ ಕೂತಿರುತ್ತಾರೆ. ಎದ್ದ ದೋಸೆ ನೇರ ತಟ್ಟೆಗೆ. ಒಬ್ಬನಿಗೆ ಗರಿಗರಿ ಬೇಕು, ಇನ್ನೊಬ್ಬಳಿಗೆ ಮೆತ್ತಗೆ ಬೇಕು. ಯಾರ ಹೊಟ್ಟೆ ತುಂಬಿತು, ಯಾರು ಸುಮ್ಮನೆ ಸಾಕೆನ್ನುತ್ತಿದ್ದಾರೆ ಎಂಬುದು ಕೇಳದೆಯೇ ನಮಗೆ ತಿಳಿಯುತ್ತದೆ. ಒಮಕಾಸೆ ಅಡಿಗೆಯವರ ಜಾಣ್ಮೆಯೂ ಇದೇ. ಸಣ್ಣ ಬಾಯಿಯವರಿಗೆ ಸಣ್ಣ ತುತ್ತು ಕಟ್ಟುತ್ತಾರೆ, ಎಡಗೈಯವರಿಗೆ ಎಡಗೈಗೆ ಒದಗುವಂತೆ ತಿರುಗಿಸಿ ಇಡುತ್ತಾರೆ. ನಾವು ದಿನಾ ಸಂಬಳವಿಲ್ಲದೆ ಮಾಡುವ ಕೆಲಸಕ್ಕೆ ಅಲ್ಲಿ ಸಾವಿರಾರು ರೂಪಾಯಿ ಕೊಟ್ಟು ಜನ ಸಾಲುಗಟ್ಟುತ್ತಾರೆ!

ಅನ್ನ ಬಿಸಾಡುತ್ತಿದ್ದ ಕಾಲ

ಸೂಶಿ ಎಂದರೆ ಹಸಿ ಮೀನು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಅದು ಸರಿಯಲ್ಲ. ಸೂಶಿಯ ಜೀವ ಇರುವುದು ಹುಳಿ ಬೆರೆಸಿದ ಅನ್ನದಲ್ಲಿ. ಬಹು ಹಿಂದೆ ಮೀನು ಕೆಡದಿರಲೆಂದು ಉಪ್ಪು ಹಾಕಿ, ಅನ್ನದ ನಡುವೆ ಒತ್ತಿ, ತಿಂಗಳುಗಟ್ಟಲೆ ಇಡುತ್ತಿದ್ದರು. ಅನ್ನ ಹುಳಿತು ಮೀನನ್ನು ಕಾಪಾಡುತ್ತಿತ್ತು. ಆಮೇಲೆ ಮೀನು ತಿಂದು ಅನ್ನ ಬಿಸಾಡುತ್ತಿದ್ದರು. ಬಿವಾ ಎಂಬ ದೊಡ್ಡ ಸರೋವರದ ಸುತ್ತ ಇಂದಿಗೂ ಈ ಬಗೆಯ ‘ಫುನಾಜೂಶಿ’ ಮಾಡುತ್ತಾರೆ. ಕಾಲ ಕಳೆದಂತೆ ಜನ ಅನ್ನವನ್ನೂ ತಿನ್ನತೊಡಗಿದರು. ಹುಳಿಯಲು ಕಾಯುವ ಬದಲು ಅನ್ನಕ್ಕೇ ವಿನೆಗರ್ ಬೆರೆಸತೊಡಗಿದರು.

ಈಗಿನ ರೂಪ, ಅಂದರೆ ಬೆರಳುದ್ದದ ಅನ್ನದ ಮುದ್ದೆಯ ಮೇಲೆ ಒಂದು ಹಾಳೆ ಮೀನು, ಬಂದದ್ದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ. ಆಗ ಟೋಕಿಯೋಗೆ ಎಡೊ ಎಂದು ಹೆಸರು. 1820ರ ದಶಕದಲ್ಲಿ ಹನಾಯಾ ಯೊಹೇ ಎಂಬಾತ ಇದನ್ನು ಜನಪ್ರಿಯಗೊಳಿಸಿದನೆಂದು ಹೇಳುತ್ತಾರೆ. ಆಗ ಇದು ಶ್ರೀಮಂತರ ಊಟವಾಗಿರಲಿಲ್ಲ. ಬೀದಿ ಗಾಡಿಯ ಮುಂದೆ ನಿಂತು ಕೂಲಿಯವರು ಕೈಯಲ್ಲೇ ಎತ್ತಿ ತಿನ್ನುತ್ತಿದ್ದ ತಿಂಡಿ. ಗಾತ್ರವೂ ಈಗಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡದು. ನಮ್ಮ ಹುಬ್ಬಳ್ಳಿಯ ಗಿರ್ಮಿಟ್-ಮಿರ್ಚಿ ಗಾಡಿ ಇನ್ನೂರು ವರ್ಷ ಕಳೆದು ಹತ್ತು ಕುರ್ಚಿಯ ಅರಮನೆಯಾದಂತೆ ಎನ್ನಿ!

ಮಂಜುಗಡ್ಡೆ ಇಲ್ಲದ ಆ ಕಾಲದಲ್ಲಿ ಮೀನನ್ನು ಹಾಗೇ ಹಸಿಯಾಗಿ ಕೊಡುತ್ತಿರಲಿಲ್ಲ. ಬಂಗಡೆಯ ಜಾತಿಯ ಮೀನಿಗೆ ಉಪ್ಪು ಸವರಿ ವಿನೆಗರಿನಲ್ಲಿ ನೆನೆಸುತ್ತಿದ್ದರು. ಟ್ಯೂನಾ ಮೀನನ್ನು ಸೋಯಾ ಸಾಸಿನಲ್ಲಿ ಅದ್ದಿಡುತ್ತಿದ್ದರು. ಹಾವು ಮೀನನ್ನು ಬೇಯಿಸುತ್ತಿದ್ದರು. ಒಳ್ಳೆಯ ಅಂಗಡಿಗಳಲ್ಲಿ ಇಂದೂ ಇದೇ ಕ್ರಮ. 1923ರ ಭಾರಿ ಭೂಕಂಪದಲ್ಲಿ ಟೋಕಿಯೋ ನೆಲಸಮವಾದಾಗ ಅಲ್ಲಿನ ಅಡಿಗೆಯವರು ತಮ್ಮ ತಮ್ಮ ಊರಿಗೆ ಹೋದರು. ಎಡೊ ಊರಿನ ತಿಂಡಿ ಹೀಗೆ ದೇಶಕ್ಕೆಲ್ಲ ಹಬ್ಬಲು ಅದೂ ಒಂದು ಕಾರಣವಾಯಿತು.

ಕೈ ಪಳಗಲು ಹತ್ತು ವರ್ಷ

ಈ ಕಸಬಿನಲ್ಲಿ ಅತ್ಯಂತ ಪ್ರಸಿದ್ಧರು 1925ರಲ್ಲಿ ಹುಟ್ಟಿದ ಜಿರೊ ಒನೊ. ಟೋಕಿಯೋದ ಗಿಂಜಾ ಎಂಬಲ್ಲಿ, ಒಂದು ಕಟ್ಟಡದ ನೆಲಮಾಳಿಗೆಯಲ್ಲಿ, ಹತ್ತೇ ಜನ ಕೂರುವ ಅಂಗಡಿ ಅವರದು. 2014ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಅವರನ್ನು ಜಪಾನಿನ ಪ್ರಧಾನಿ ಅಬೆ ಊಟಕ್ಕೆ ಕರೆದೊಯ್ದದ್ದು ಇಲ್ಲಿಗೇ. 2011ರಲ್ಲಿ ಇವರ ಬಗ್ಗೆ ಬಂದ ಸಾಕ್ಷ್ಯಚಿತ್ರವೊಂದರಲ್ಲಿ ಅಡಿಗೆ ಮಾಡುವ ಹೆಂಗಸರೆಲ್ಲ ನೋಡಬೇಕಾದ ಸಂಗತಿಯೊಂದಿದೆ. ಇವರ ಬಳಿ ಕಲಿಯಲು ಬಂದವರು ಮೊದಲು ಬಿಸಿ ನೀರಿನ ಟವೆಲು ಹಿಂಡುವುದನ್ನು ಕಲಿಯಬೇಕು. ಆಮೇಲೆ ಮೀನು ಮುಟ್ಟುವುದು. ಸುಮಾರು ಹತ್ತು ವರ್ಷದ ನಂತರ ಮೊಟ್ಟೆಯ ಸಿಹಿ ದೋಸೆಯಂಥ ‘ತಮಾಗೊ’ ಮಾಡಲು ಅವಕಾಶ. ಶಿಷ್ಯರೊಬ್ಬರು ಇನ್ನೂರಕ್ಕೂ ಹೆಚ್ಚು ಸಲ ಮಾಡಿದರು. ಅಷ್ಟೂ ಸಲ “ಸರಿಯಿಲ್ಲ” ಎಂದೇ ಉತ್ತರ. ಕೊನೆಗೊಮ್ಮೆ ಗುರುಗಳು ಒಪ್ಪಿದಾಗ ಅವರಿಗೆ ಅಳುವೇ ಬಂತಂತೆ.

ಹೋಳಿಗೆಯ ಹದ ಬರುವವರೆಗೆ ಅತ್ತೆಯ ಎದುರು ನಿಂತು ಹಿಟ್ಟು ನಾದಿದವರಿಗೆ ಈ ಅಳು ಅರ್ಥವಾದೀತು. ಆದರೆ ಒಂದು ವ್ಯತ್ಯಾಸ ನೋಡಿ: ಆ ಶಿಷ್ಯರಿಗೆ ಗುರುಗಳು ಕಡೆಗೊಮ್ಮೆ “ಸರಿ” ಎಂದರು. ನಮ್ಮ ಮನೆಗಳಲ್ಲಿ ಆ ಒಂದು ಮಾತು ಎಷ್ಟು ಜನ ಹೇಳುತ್ತಾರೆ?

ಹೆಂಗಸರ ಕೈ ಬಿಸಿಯೆ?

ಇನ್ನೊಂದು ವಿಚಿತ್ರ. ಇಷ್ಟೆಲ್ಲ ಮನೆಯಡಿಗೆಯ ಗುಣವಿರುವ ಈ ಕಸಬಿನಲ್ಲಿ ಹೆಂಗಸರನ್ನು ಬಹುಕಾಲ ಸೇರಿಸಿಕೊಳ್ಳಲೇ ಇಲ್ಲ. ಹೆಂಗಸರ ಕೈ ಬಿಸಿ, ಮೀನು ಕೆಡುತ್ತದೆ ಎಂದರು. ಮುಟ್ಟಿನ ದಿನಗಳಲ್ಲಿ ನಾಲಿಗೆಯ ರುಚಿ ಬದಲಾಗುತ್ತದೆ ಎಂದೂ ಹೇಳಿದರು. “ಹೊರಗಿದ್ದಾಳೆ, ಉಪ್ಪಿನಕಾಯಿ ಭರಣಿ ಮುಟ್ಟಬೇಡ” ಎಂಬ ಮಾತು ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ! 2010ರಲ್ಲಿ ಚಿಜುಯಿ ಯೂಕಿ ಎಂಬಾಕೆಯ ಮುಂದಾಳತ್ವದಲ್ಲಿ ಟೋಕಿಯೋದ ಅಕಿಹಾಬಾರಾದಲ್ಲಿ ‘ನಾದೆಶಿಕೊ’ ಎಂಬ ಸೂಶಿ ಅಂಗಡಿ ಆರಂಭವಾಯಿತು. ಕೆಲಸದವರೆಲ್ಲ ಹೆಂಗಸರೇ. ಎದುರಿಗೆ ಕೂತು ಹಂಗಿಸಿದ ಗಿರಾಕಿಗಳನ್ನೂ ಅವರು ಎದುರಿಸಿದರು. ಈಗ ಬೇರೆ ಕಡೆಗಳಲ್ಲೂ ಸೂಶಿ ಕಟ್ಟುವ ಹೆಂಗಸರು ಕಾಣುತ್ತಾರೆ. ಆದರೂ ಅವರ ಸಂಖ್ಯೆ ಕಡಿಮೆಯೇ.

ಕೂತ ಮೇಲೆ ಹೇಗೆ?

ಹೊಸ ಜಾಗವೆಂದು ಅಂಜಬೇಕಾಗಿಲ್ಲ. ಕೆಲವು ಮಾತು ನೆನಪಿಟ್ಟರೆ ಸಾಕು.

● ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. ಎಲ್ಲರಿಗೂ ಒಟ್ಟಿಗೇ ಆರಂಭಿಸುವ ಅಂಗಡಿಗಳಲ್ಲಿ ಒಬ್ಬರು ತಡಮಾಡಿದರೆ ಪಂಕ್ತಿಯೇ ಕೆಡುತ್ತದೆ.

● ವಿಶೇಷದ ದಿನವೆಂದು ಅತ್ತರು, ಸೆಂಟು ಬಳಿದುಕೊಳ್ಳಬೇಡಿ. ಮೀನಿನ ನವಿರಾದ ವಾಸನೆಗೆ ಅದು ಅಡ್ಡಿ. ಮುಡಿಗೆ ದೊಡ್ಡ ಮಲ್ಲಿಗೆ ದಂಡೆಯೂ ಅಂದು ಬೇಡ. ರೇಷ್ಮೆ ಸೀರೆ ಧಾರಾಳವಾಗಿ ಉಡಿ.

● ಉಂಗುರ, ಬಳೆ ಮರದ ಕಟ್ಟೆಗೆ ಗೀರದಂತೆ ನೋಡಿಕೊಳ್ಳಿ. ಒಂದೇ ಹಲಗೆಯಿಂದ ಮಾಡಿದ ಬೆಲೆಬಾಳುವ ಕಟ್ಟೆಗಳಿರುತ್ತವೆ.

● ಕಡ್ಡಿಯಲ್ಲಿ ತಿನ್ನಲು ಬಾರದೆಂದು ನಾಚಬೇಡಿ. ಸೂಶಿಯನ್ನು ಕೈಯಿಂದ ತಿನ್ನುವುದು ಅಲ್ಲಿ ಪೂರ್ತಿ ಮರ್ಯಾದೆಯ ಕ್ರಮ. ಕೈಯೂಟದ ನಾವು ಇದರಲ್ಲಿ ಗೆದ್ದೆವು!

● ಒಂದು ತುತ್ತನ್ನು ಒಂದೇ ಸಲ ಬಾಯಿಗೆ ಹಾಕಿಕೊಳ್ಳಿ. ಕಚ್ಚಿ ಅರ್ಧ ಇಡಬೇಡಿ. ಅನ್ನ ಮೈಯ ಬಿಸಿಯಷ್ಟು ಬೆಚ್ಚಗಿರುವಾಗಲೇ ರುಚಿ.

● ಸೋಯಾ ಸಾಸ್ ಹೆಚ್ಚಾಗಿ ಅಡಿಗೆಯವರೇ ಸವರಿರುತ್ತಾರೆ. ನೀವೇ ಅದ್ದಬೇಕಿದ್ದರೆ ಮೀನಿನ ಕಡೆ ಅದ್ದಿ. ಅನ್ನದ ಕಡೆ ಅದ್ದಿದರೆ ಉದುರುತ್ತದೆ.

● ಹಸಿರು ಖಾರದ ‘ವಸಾಬಿ’ಯನ್ನೂ ಅವರೇ ಮೀನಿನ ಕೆಳಗೆ ಇಟ್ಟಿರುತ್ತಾರೆ. ಅದು ಮೆಣಸಿನಕಾಯಿಯಂತೆ ನಾಲಿಗೆ ಸುಡುವುದಿಲ್ಲ, ಸಾಸಿವೆಯಂತೆ ಮೂಗಿಗೆ ಏರುತ್ತದೆ. ಬೇಡವಾದರೆ ಮೊದಲೇ ಹೇಳಿ.

● ಪಕ್ಕದಲ್ಲಿಟ್ಟ ಶುಂಠಿ ಉಪ್ಪಿನಕಾಯಿಯನ್ನು ಎರಡು ತುತ್ತುಗಳ ನಡುವೆ ಬಾಯಿ ಶುದ್ಧಿಗೆ ತಿನ್ನಬೇಕು. ಸೂಶಿಯ ಮೇಲೆ ಇಟ್ಟುಕೊಂಡಲ್ಲ.

● ಅನ್ನದ ಬಟ್ಟಲಲ್ಲಿ ಕಡ್ಡಿಯನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಸತ್ತವರಿಗೆ ಎಡೆ ಇಡುವ ರೀತಿ ಅದು. ನಮ್ಮಲ್ಲಿ ಎಲೆಯ ದಿಕ್ಕು ನೋಡುವಂತೆ ಅವರಿಗೂ ಶುಭಾಶುಭಗಳುಂಟು.

● ಜಪಾನಿನಲ್ಲಿ ಭಕ್ಷೀಸು ಕೊಡುವ ರೂಢಿಯಿಲ್ಲ. ಎದ್ದಾಗ “ಗೊಚಿಸೋಸಮಾ” ಎಂದರೆ ಸಾಕು. ಉಂಡು ತೃಪ್ತಿಯಾಯಿತು ಎಂಬ ಕೃತಜ್ಞತೆ ಅದು.

ಸಸ್ಯಾಹಾರಿಗಳು ಗಮನಿಸಿ

ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುವುದೇ ಸರಿ. ಹೆಸರುವಾಸಿ ಸೂಶಿ ಒಮಕಾಸೆ ಶುದ್ಧ ಸಸ್ಯಾಹಾರಿಗಳ ಊಟವಲ್ಲ. ಎಷ್ಟೋ ಅಂಗಡಿಗಳು ಸಸ್ಯಾಹಾರಿಗಳಿಗೆ ಜಾಗವನ್ನೇ ಕೊಡುವುದಿಲ್ಲ. ಮೀನು ಕಣ್ಣಿಗೆ ಕಾಣದಿದ್ದರೂ ‘ದಾಶಿ’ ಎಂಬ ಕಟ್ಟಿನ ಸಾರಿನಲ್ಲಿ ಒಣಮೀನಿನ ಸತ್ವ ಇರುತ್ತದೆ. ಮೊಟ್ಟೆಯ ತಮಾಗೊವಿನಲ್ಲೂ ಸೀಗಡಿ ಅರೆದು ಹಾಕುವುದುಂಟು. ಆದ್ದರಿಂದ “ಮೀನು ಬೇಡ” ಎಂದರೆ ಸಾಲದು. “ಮೀನಿನ ಸಾರೂ ಬೇಡ” ಎಂದು ಜಾಗ ಕಾದಿರಿಸುವಾಗಲೇ ಮಗನ ಕೈಲಿ ಹೇಳಿಸಬೇಕು. ಕೂತ ಮೇಲೆ ಹೇಳಿದರೆ ಅವರಿಗೂ ಮುಜುಗರ, ನಮಗೂ ಹಸಿವು. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುವುದರಿಂದ ಗೋಧಿ ಒಗ್ಗದವರೂ ಮೊದಲೇ ತಿಳಿಸಬೇಕು.

ಹಾಗೆಂದು ಸೂಶಿಯಲ್ಲಿ ತರಕಾರಿ ಇಲ್ಲವೆಂದಲ್ಲ. ಸೌತೆಕಾಯಿಯ ‘ಕಪ್ಪಾ ಮಾಕಿ’ ಇದೆ. ಸೋರೆಕಾಯಿಯ ಬಿಳಿ ತಿರುಳನ್ನು ಉದ್ದಕ್ಕೆ ಸೀಳಿ ಒಣಗಿಸಿದ ‘ಕಂಪ್ಯೊ’ ಇದೆ. ನಮ್ಮ ಮನೆಯ ಬಾಳಕದಂತೆ ಒಣಗಿಸಿಟ್ಟು, ಬೇಕಾದಾಗ ನೆನೆಸಿ, ಸಿಹಿ-ಉಪ್ಪಿನಲ್ಲಿ ಬೇಯಿಸಿ ಅನ್ನದೊಳಗೆ ಸುತ್ತುತ್ತಾರೆ. ಕಂಪ್ಯೊ ಬೇಯಿಸಲೂ ದಾಶಿ ಹಾಕುವವರಿದ್ದಾರೆ, ಕೇಳಿ ತಿನ್ನಿ.

ಇನ್ನೂ ಒಳ್ಳೆಯ ದಾರಿ ಒಂದಿದೆ. ಜಪಾನಿನ ಬೌದ್ಧ ಮಠಗಳಲ್ಲಿ ‘ಶೋಜಿನ್ ರ್ಯೋರಿ’ ಎಂಬ ಊಟ ಉಂಟು. ಮೀನು, ಮಾಂಸ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ! ನಮ್ಮ ಮಡಿ ಅಡಿಗೆಯ ಅಕ್ಕನೋ ತಂಗಿಯೋ ಎನ್ನಬೇಕು. ಕೊಯಾಸಾನ್ ಬೆಟ್ಟದ ಮಠಗಳಲ್ಲಿ ಯಾತ್ರಿಕರಿಗೆ ಇಂಥ ಊಟ, ವಸತಿ ಎರಡೂ ಸಿಗುತ್ತವೆ. ಗಂಡ ಮೀನು ಪ್ರಿಯರು, ಹೆಂಡತಿ ಸಸ್ಯಾಹಾರಿ ಎಂದಾದರೆ ಒಂದು ದಿನ ಅವರ ಊಟ, ಮರುದಿನ ಇವರ ಊಟ. ಮದುವೆಯ ದಿನ ಇಬ್ಬರದೂ ಅಲ್ಲವೆ? “ನನಗೇನೂ ಬೇಡ, ನೀವು ಉಣ್ಣಿ, ನಾ ನೋಡ್ತಾ ಕೂರ್ತೀನಿ” ಎಂದು ಹೇಳುವ ಚಾಳಿಯನ್ನು ಆ ಒಂದು ದಿನಕ್ಕಾದರೂ ಬಿಡೋಣ.

ಹೊಟ್ಟೆ ಕೆಟ್ಟರೆ?

ಹಸಿ ಮೀನಿನ ಬಗ್ಗೆ ಹೆದರಿಕೆ ಪೂರ್ತಿ ಸುಳ್ಳಲ್ಲ. ಸಮುದ್ರದ ಮೀನಿನಲ್ಲೂ ಅನಿಸಾಕಿಸ್ ಎಂಬ ಸಣ್ಣ ಹುಳು ಇರಬಹುದು. ನುರಿತ ಅಡಿಗೆಯವರು ಕಣ್ಣಿಟ್ಟು ನೋಡಿ ತೆಗೆಯುತ್ತಾರೆ, ಇಲ್ಲವೆ ಮೀನನ್ನು ಹೆಪ್ಪುಗಟ್ಟಿಸುತ್ತಾರೆ. ಹುಳು ಸಾಯಬೇಕಾದರೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಏಳು ದಿನ ಇಡಬೇಕೆಂದು ಅಮೆರಿಕದ ಆಹಾರ ಇಲಾಖೆಯ ನಿಯಮ. ದೂರ ಸಮುದ್ರದಲ್ಲಿ ಹಿಡಿದ ಟ್ಯೂನಾವನ್ನು ಹಡಗಿನಲ್ಲೇ ಸೊನ್ನೆಗಿಂತ 60 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸುವುದುಂಟು. ಆಗಾಗ ಕರೆಂಟು ಹೋಗುವ ನಮ್ಮ ಮನೆಯ ಫ್ರಿಜ್ಜನ್ನು ಇದಕ್ಕೆ ನಂಬುವಂತಿಲ್ಲ.

ಬಸುರಿಯರು, ಚಿಕ್ಕ ಮಕ್ಕಳು, ತೀರಾ ವಯಸ್ಸಾದವರು, ಪಿತ್ತಕೋಶದ ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಹಸಿ ಮೀನು ತಿನ್ನಲೇಬಾರದು. ದೊಡ್ಡ ಟ್ಯೂನಾದಲ್ಲಿ ಪಾದರಸದ ಅಂಶವೂ ಹೆಚ್ಚು. ಬಸುರಿಯರು ಅದನ್ನು ಬೇಯಿಸಿದ್ದರೂ ದೂರವಿಡುವುದು ಲೇಸು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಟಿ.ವಿ.ಯಲ್ಲೋ ಫೋನಿನಲ್ಲೋ ಸೂಶಿ ನೋಡಿ “ನಮ್ಮ ಹೊಳೆ ಮೀನೇ ತಾಜಾ ಐತಲ್ಲ, ಮಾಡಿ ನೋಡೂಣು” ಎಂದು ಮಕ್ಕಳು ಉತ್ಸಾಹ ತೋರಿಸಬಹುದು. ಖಂಡಿತ ಬೇಡ. ಕಾಳಿ ಹೊಳೆಯದಾಗಲಿ, ಕೆರೆಯದಾಗಲಿ, ಸಿಹಿನೀರಿನ ಮೀನನ್ನು ಹಸಿಯಾಗಿ ಎಂದೂ ತಿನ್ನಬಾರದು. ಪಿತ್ತಕೋಶಕ್ಕೆ ಹೊಕ್ಕು ವರ್ಷಗಟ್ಟಲೆ ಉಳಿಯುವ ಹುಳುಗಳು ಸಿಹಿನೀರಿನ ಮೀನಿನಲ್ಲಿ ಇರಬಹುದು. ಈಗ ತಾನೇ ಹಿಡಿದದ್ದೆಂದ ಮಾತ್ರಕ್ಕೆ ಹುಳು ಇಲ್ಲವೆಂದಲ್ಲ. ಲಿಂಬೆರಸ, ವಿನೆಗರ್, ವಸಾಬಿ ಯಾವುದಕ್ಕೂ ಅವು ಸಾಯುವುದಿಲ್ಲ. ಕಾರವಾರದಿಂದ ಘಟ್ಟ ಹತ್ತಿ ಬರುವ ಸಮುದ್ರ ಮೀನೂ ನಮ್ಮ ಅಡಿಗೆಮನೆಯಲ್ಲಿ ಬೇಯಲೇಬೇಕು.

ದುಡ್ಡಿನ ಮಾತು

ಮೇಲೆ ಹೇಳಿದ ಸಾಕ್ಷ್ಯಚಿತ್ರದ ಕಾಲಕ್ಕೇ ಜಿರೊ ಅಂಗಡಿಯಲ್ಲಿ ಒಬ್ಬರ ಊಟ 30,000 ಯೆನ್‌ನಿಂದ ಆರಂಭವಾಗುತ್ತಿತ್ತು. ನಮ್ಮ ಲೆಕ್ಕದಲ್ಲಿ ಹದಿನೈದು ಸಾವಿರ ರೂಪಾಯಿಗೂ ಮೇಲೆ. ಅದೂ ಸುಮಾರು ಇಪ್ಪತ್ತು ತುತ್ತು, ಅರ್ಧ ಗಂಟೆಯ ಊಟ! ಇಷ್ಟೇಕೆ ಎಂದರೆ ಮೀನಿನ ಬೆಲೆಯೇ ಹಾಗಿದೆ. 2019ರ ಜನವರಿಯಲ್ಲಿ ಟೋಕಿಯೋದ ತೊಯೊಸು ಮೀನುಪೇಟೆಯ ವರ್ಷದ ಮೊದಲ ಹರಾಜಿನಲ್ಲಿ 278 ಕಿಲೋ ತೂಕದ ಒಂದೇ ಒಂದು ಟ್ಯೂನಾ 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು. ಅದು ಹೆಸರಿಗಾಗಿ ಕೂಗಿದ ಬೆಲೆ, ದಿನದ ದರವಲ್ಲ. ಆದರೂ ಪೇಟೆಯ ಜೋರು ತಿಳಿಯುತ್ತದೆ.

ಮಗ ಸಂತೋಷದಿಂದ ಕರೆದರೆ ಹೋಗಿ. ಸಾಲ ಮಾಡಿ ಕರೆಯುತ್ತಿದ್ದಾನೆ ಎನ್ನಿಸಿದರೆ ನಯವಾಗಿ ಬೇರೆ ದಾರಿ ತೋರಿಸಿ. ಎಷ್ಟೋ ಒಳ್ಳೆಯ ಅಂಗಡಿಗಳಲ್ಲಿ ಮಧ್ಯಾಹ್ನದ ಊಟ ರಾತ್ರಿಯದಕ್ಕಿಂತ ಅಗ್ಗ. ತಟ್ಟೆಗಳು ಪಟ್ಟಿಯ ಮೇಲೆ ತಿರುಗುತ್ತ ಬರುವ ಸಾದಾ ಸೂಶಿ ಅಂಗಡಿಗಳೂ ಇವೆ. 1958ರಲ್ಲಿ ಒಸಾಕಾ ಕಡೆ ಹುಟ್ಟಿದ ಈ ಪದ್ಧತಿಯಲ್ಲಿ ಜಪಾನಿನ ಸಂಸಾರಸ್ಥರು ಮಕ್ಕಳೊಂದಿಗೆ ಕಡಿಮೆ ಖರ್ಚಿನಲ್ಲಿ ಉಣ್ಣುತ್ತಾರೆ. ಜಾಗ ಕಾದಿರಿಸಿ ಹೋಗದಿದ್ದರೆ ದೊಡ್ಡ ಅಂಗಡಿಗಳು ಪೂರ್ತಿ ಹಣ ವಸೂಲು ಮಾಡುವುದುಂಟು, ಇದೂ ನೆನಪಿರಲಿ.

ಒಮಕಾಸೆಗೆ ಹೋಗದಿದ್ದರೂ ಅದರಿಂದ ಒಂದು ಸಂಗತಿಯನ್ನು ಮನೆಗೆ ತಂದುಕೊಳ್ಳಬಹುದು. ವರ್ಷಕ್ಕೊಂದು ದಿನ, ಹುಟ್ಟಿದ ಹಬ್ಬವೋ ಮದುವೆಯ ದಿನವೋ, ಮನೆಯಾಕೆ ಮೊದಲ ಪಂಕ್ತಿಯಲ್ಲಿ ಕೂರಲಿ. ಗಂಡನೋ ಮಗನೋ ಕಾವಲಿಯ ಮುಂದೆ ನಿಲ್ಲಲಿ. ದೋಸೆ ಸೊಟ್ಟಗಾದರೂ ಚಿಂತೆಯಿಲ್ಲ. ಬಿಸಿಬಿಸಿಯಾಗಿ, ಒಂದೊಂದಾಗಿ, ಆಕೆಯ ತಟ್ಟೆಗೆ ಮೊದಲು ಬೀಳಲಿ. “ನಿಮಗೇ ಬಿಟ್ಟಿದ್ದು” ಎಂದು ಹೇಳಿ ಕೂತು ನೋಡಿ. ಎದ್ದು ಹೋಗಿ ಸೌಟು ಕಸಿದುಕೊಳ್ಳದೆ ಇರುವುದೇ ಕಷ್ಟದ ಕೆಲಸ!

ಮನೆಯಲ್ಲೇ ಮಾಡಿ: ತರಕಾರಿ ಚೆಂಡು ಸೂಶಿ

ಜಪಾನಿನಲ್ಲಿ ಇದಕ್ಕೆ ‘ತೆಮರಿ’ ಎನ್ನುತ್ತಾರೆ. ಹಸಿ ಮೀನಿಲ್ಲದೆಯೇ ಮಾಡಬಹುದು.

ಬೇಕಾಗುವ ಸಾಮಾನು: ಅಂಟು ಬರುವ ಗಿಡ್ಡ ಅಕ್ಕಿ 1 ಬಟ್ಟಲು, ನೀರು ಒಂದೂಕಾಲು ಬಟ್ಟಲು, ವಿನೆಗರ್ 2 ದೊಡ್ಡ ಚಮಚ (ಅಂಗಡಿಯ ಬಿಳಿ ವಿನೆಗರ್ ತೀಕ್ಷ್ಣವಾಗಿದ್ದರೆ ಒಂದೂವರೆ; ಇಲ್ಲದಿದ್ದರೆ ಲಿಂಬೆರಸ), ಸಕ್ಕರೆ 1 ದೊಡ್ಡ ಚಮಚ, ಉಪ್ಪು ಅರ್ಧ ಚಿಕ್ಕ ಚಮಚ, ಸೌತೆಕಾಯಿ 1, ಗಜ್ಜರಿ 1, ಎಳೆ ಸೋರೆಕಾಯಿಯ ಒಂದು ತುಂಡು, ಸೋಯಾ ಸಾಸ್ 1 ದೊಡ್ಡ ಚಮಚ, ಬೆಲ್ಲ ಅಡಿಕೆ ಗಾತ್ರ.

ಮಾಡುವ ಕ್ರಮ: ಅಕ್ಕಿಯನ್ನು ತಿಳಿನೀರು ಬರುವವರೆಗೆ ನಾಲ್ಕೈದು ಸಲ ತೊಳೆದು ಅರ್ಧ ಗಂಟೆ ನೆನೆಸಿ. ನೀರು ಬಸಿದು, ಅಳತೆಯ ನೀರು ಹಾಕಿ ಅನ್ನ ಮಾಡಿ, ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಡಿ. ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ ಸ್ವಲ್ಪ ಬೆಚ್ಚಗೆ ಮಾಡಿ ಕರಗಿಸಿ, ಕುದಿಸಬೇಡಿ. ಬಿಸಿ ಅನ್ನವನ್ನು ಹರಿವಾಣದಲ್ಲಿ ಹರಡಿ, ಈ ಹುಳಿನೀರು ಚಿಮುಕಿಸಿ, ಮರದ ಸೌಟಿನಿಂದ ಕೊಯ್ದಂತೆ ಬೆರೆಸಿ. ಅಗುಳು ನಜ್ಜಾಗಬಾರದು. ಬೀಸಣಿಗೆಯಿಂದ ಗಾಳಿ ಹಾಕಿ ಆರಿಸಿ, ಒದ್ದೆ ಬಟ್ಟೆ ಮುಚ್ಚಿ.

ಸೌತೆಕಾಯಿಯನ್ನು ಕಾಗದದಂತೆ ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ನೀರು ಹಿಂಡಿ. ಗಜ್ಜರಿಯನ್ನು ತೆಳ್ಳಗೆ ಬಿಲ್ಲೆ ಮಾಡಿ ಅರೆಬೇಯಿಸಿ. ಸೋರೆಕಾಯಿಯ ತೆಳು ಪಟ್ಟಿಗಳನ್ನು ಸೋಯಾ ಸಾಸ್, ಬೆಲ್ಲ, ಸ್ವಲ್ಪ ನೀರಿನಲ್ಲಿ ರಸ ಇಂಗುವವರೆಗೆ ಬೇಯಿಸಿ. ಮೀನು ತಿನ್ನುವವರ ಮನೆಯಲ್ಲಿ ಚೆನ್ನಾಗಿ ಬೇಯಿಸಿದ ಸೀಗಡಿಯನ್ನೂ ಬಳಸಬಹುದು.

ಅಂಗೈಯಗಲದ ಶುಭ್ರ ಒದ್ದೆ ಬಟ್ಟೆಯ ಮೇಲೆ ಒಂದು ತರಕಾರಿ ಬಿಲ್ಲೆ ಇಟ್ಟು, ಅದರ ಮೇಲೆ ಚಿಕ್ಕ ಲಿಂಬೆ ಗಾತ್ರದ ಅನ್ನದ ಉಂಡೆ ಇಟ್ಟು, ಬಟ್ಟೆಯ ತುದಿ ಸೇರಿಸಿ ಮೆಲ್ಲಗೆ ತಿರುಚಿ. ಗಟ್ಟಿಯಾಗಿ ಹಿಂಡಬಾರದು. ಬಿಚ್ಚಿದರೆ ಬಣ್ಣದ ಚೆಂಡು ಸಿದ್ಧ. ಈ ಅಳತೆಗೆ ಹದಿನಾಲ್ಕು ಹದಿನೈದು ಆಗುತ್ತವೆ. ಫ್ರಿಜ್ಜಿನಲ್ಲಿಟ್ಟರೆ ಅನ್ನ ಗಟ್ಟಿಯಾಗುತ್ತದೆ. ಮಾಡಿದ ಕೂಡಲೇ ತಿಂದು ಮುಗಿಸಿ. ಮಾಡಿದವರೂ ಜೊತೆಗೇ ಕೂತು ತಿನ್ನಬೇಕು, ಮರೆಯಬೇಡಿ.